ತರಲೆ ಶುರುವಾಗುವ ಹೊತ್ತು ನೋಡಿ: ಕಲಿಕಾ ನ್ಯೂನತೆ ಇರುವ ಮಗು ಕ್ಲಾಸಿನಲ್ಲಿದ್ದಾಗ ಟೀಚರ್ ಏನು ಮಾಡಬಹುದು

ಸ್ಟಾಫ್ ರೂಮಿನಲ್ಲಿ ಟಿಫಿನ್ ಡಬ್ಬಿ ಬಿಚ್ಚಿದ ಮೇಲೆ ಬರುವ ದೂರುಗಳು ಯಾವ ಶಾಲೆಗೆ ಹೋದರೂ ಹೆಚ್ಚುಕಡಿಮೆ ಇವೇ. "ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ, ಬರಿ ಅಂದ್ರೆ ಮಾತ್ರ ಆಗಲ್ಲ." "ಪೀರಿಯಡ್ಡಿಗೆ ನಾಲ್ಕು ಸಲ ನೀರು ಕುಡಿಯೋಕೆ ಹೋಗ್ಬೇಕು ಇವನಿಗೆ." "ಆ ಹುಡುಗಿ ದನಿ ಹೇಗಿದೆ ಅಂತಾನೇ ನಂಗೊತ್ತಿಲ್ಲ."

ಇಂಥ ಮಕ್ಕಳಲ್ಲಿ ಕೆಲವರು ಬರೀ ತುಂಟರು. ಕೆಲವರ ಮನೆಯಲ್ಲಿ ಏನೋ ನಡೆದಿರುತ್ತದೆ. ಇನ್ನು ಕೆಲವರಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರುತ್ತದೆ. ಅಂದರೆ ಬುದ್ಧಿ ಚುರುಕಾಗಿಯೇ ಇದೆ, ಕಣ್ಣು ಕಿವಿ ಸರಿಯಿವೆ, ಪಾಠವೂ ಸಿಕ್ಕಿದೆ, ಆದರೂ ಓದೋ ಬರಹವೋ ಲೆಕ್ಕವೋ ಕೈಹತ್ತುವುದಿಲ್ಲ. ಓದಿನದಾದರೆ ಡಿಸ್‌ಲೆಕ್ಸಿಯಾ, ಬರಹದ್ದಾದರೆ ಡಿಸ್‌ಗ್ರಾಫಿಯಾ, ಲೆಕ್ಕದ್ದಾದರೆ ಡಿಸ್‌ಕ್ಯಾಲ್ಕುಲಿಯಾ ಎಂದು ರಿಪೋರ್ಟಿನಲ್ಲಿ ಬರೆಯುತ್ತಾರೆ. ಒಂದೇ ಮಗುವಿನಲ್ಲಿ ಎರಡು ಮೂರು ಕೂಡಿರುವುದುಂಟು. ಜೊತೆಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ, ಸೇರಿಕೊಂಡಿರುವುದೂ ಅಪರೂಪವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ.

ಇಂಥ ಮಗುವಿಗೆ ಓದು ಕಲಿಸುವುದು ಹೇಗೆ ಅನ್ನುವುದು ಬೇರೆಯೇ ವಿಷಯ, ಅದಕ್ಕೆ ವಿಶೇಷ ಶಿಕ್ಷಕರು ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ನಲವತ್ತು ಮಕ್ಕಳ ನಡುವೆ ಆ ಒಂದು ಮಗುವಿನ ನಡವಳಿಕೆಯನ್ನೂ ಉಳಿದವರ ಜೊತೆಗಿನ ಒಡನಾಟವನ್ನೂ ಕ್ಲಾಸ್ ಟೀಚರ್ ಹೇಗೆ ನೋಡಿಕೊಳ್ಳಬಹುದು ಅನ್ನುವುದಷ್ಟು ಇಲ್ಲಿದೆ. ನನ್ನ ಲೆಕ್ಕದಲ್ಲಿ, ತರಲೆ ಯಾವ ಹೊತ್ತಿಗೆ ಶುರುವಾಗುತ್ತದೆ ಎಂದು ಗೊತ್ತಾದರೆ ಅರ್ಧ ದಾರಿ ಸಾಗಿದ ಹಾಗೆ. ಮಗುವನ್ನು ತಿದ್ದಲು ಹೊರಡುವ ಮುಂಚೆ ಆ ಹೊತ್ತಿನಲ್ಲಿ ನಾವು ಕೊಟ್ಟ ಕೆಲಸವನ್ನು ತಿದ್ದಬೇಕು.

ಮೊದಲ ಹೆಜ್ಜೆ: ಎರಡು ವಾರ ಬರೆದಿಟ್ಟುಕೊಳ್ಳಿ

ಒಂದು ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟ ಸಾಕು. ನಾಲ್ಕು ಕಾಲಂ ಎಳೆಯಿರಿ: ಯಾವ ಪೀರಿಯಡ್, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. "ತುಂಬಾ ಗಲಾಟೆ ಮಾಡಿದ" ಎಂದು ಬರೆದರೆ ಪ್ರಯೋಜನವಿಲ್ಲ. ಕಣ್ಣಿಗೆ ಕಂಡಿದ್ದನ್ನು ಕಂಡ ಹಾಗೆ ಬರೆಯಬೇಕು. ನಾಲ್ಕನೇ ತರಗತಿಯ ಒಬ್ಬ ಹುಡುಗನ ಪುಟ ಹೆಚ್ಚುಕಡಿಮೆ ಹೀಗಿರುತ್ತದೆ:

ಮಂಗಳವಾರ, ಮೂರನೇ ಪೀರಿಯಡ್, ಕನ್ನಡ. ಸಾಲಾಗಿ ಒಬ್ಬೊಬ್ಬರೇ ಎದ್ದು ಓದಿ ಅಂದೆ. ಇವನ ಸರದಿಗೆ ಇನ್ನಿಬ್ಬರು ಇದ್ದಾಗ ಮುಂದಿನವನ ಬೆನ್ನಿಗೆ ಸ್ಕೇಲಿನಲ್ಲಿ ತಿವಿದ. ಜಗಳ. ಹೊರಗೆ ನಿಲ್ಲಿಸಿದೆ. ಒಳಗೆ ಬರುವಷ್ಟರಲ್ಲಿ ಪಾಠ ಅವನ ಬೆಂಚು ದಾಟಿತ್ತು.

ಬುಧವಾರ, ಮೊದಲ ಪೀರಿಯಡ್, ಬಾಯಿ ಲೆಕ್ಕ. ಮೂರು ಉತ್ತರ ಹೇಳಿದ. ತರಲೆ ಇಲ್ಲ.

ಬುಧವಾರ, ಐದನೇ ಪೀರಿಯಡ್, ಪರಿಸರ ಅಧ್ಯಯನ. ಬೋರ್ಡಿನ ಪ್ರಶ್ನೋತ್ತರ ಇಳಿಸಿಕೊಳ್ಳಲು ಹೇಳಿದೆ. ಪೆನ್ಸಿಲ್ ಕೆತ್ತಿದ, ಮೊನೆ ಮುರಿಯಿತು, ಮತ್ತೆ ಕೆತ್ತಿದ, ರಬ್ಬರ್ ಹುಡುಕಲು ಬೆಂಚಿನ ಕೆಳಗೆ ಇಳಿದ. ಬೈದೆ. ಬೆಲ್ ಹೊಡೆದಾಗ ನೋಟ್‌ಬುಕ್ಕಿನಲ್ಲಿ ಎರಡು ಸಾಲು.

ಕೊನೆಯ ಕಾಲಂ ಮೇಲೆ ಕಣ್ಣಾಡಿಸಿ. ಮಂಗಳವಾರ ನಾವು ಕೊಟ್ಟಿದ್ದು ಶಿಕ್ಷೆ ಅಂದುಕೊಂಡಿದ್ದೇವೆ. ಹುಡುಗನ ಕಡೆಯಿಂದ ನೋಡಿದರೆ, ಎಲ್ಲರೆದುರು ತಡವರಿಸಿ ನಗೆಪಾಟಲಾಗುವುದು ತಪ್ಪಿತು. ಹೊರಗೆ ನಿಲ್ಲುವುದು ಅವನಿಗೆ ಅಗ್ಗದ ಬೆಲೆ. ಮುಂದಿನ ಮಂಗಳವಾರವೂ ಅವನು ಸ್ಕೇಲು ಎತ್ತುತ್ತಾನೆ, ಏಕೆಂದರೆ ಅದು ಕೆಲಸ ಮಾಡಿದೆ.

ತಪ್ಪಿಸಿಕೊಳ್ಳುವುದಕ್ಕೆ ಮಕ್ಕಳು ಹಿಡಿಯುವ ದಾರಿಗಳು ಹಲವು. ನೀರು, ಟಾಯ್ಲೆಟ್, ಪೆನ್ಸಿಲ್, "ಬುಕ್ ಮನೇಲಿ ಬಿಟ್ಟು ಬಂದೆ ಮಿಸ್" ಇವು ಎಲ್ಲರಿಗೂ ಗೊತ್ತು. ಉಕ್ತಲೇಖನ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ; ಅದು ನಾಟಕ ಎಂದು ತಳ್ಳಿಹಾಕಬೇಡಿ, ಭಯಕ್ಕೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಓದಿ ಎಂದಾಗ ತಮಾಷೆಯ ಉತ್ತರ ಹೇಳಿ ಇಡೀ ಕ್ಲಾಸನ್ನು ನಗಿಸುವವನು, ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ತರಲೆ ಅನ್ನಿಸಿಕೊಳ್ಳುವುದು ಮೇಲು ಎಂದು ಎಂದೋ ತೀರ್ಮಾನಿಸಿರುತ್ತಾನೆ. ಡಸ್ಟರ್ ತರುವುದು, ನೋಟ್‌ಬುಕ್ ಹಂಚುವುದು, ಆಫೀಸಿಗೆ ರಿಜಿಸ್ಟರ್ ಒಯ್ಯುವುದು, ಎಲ್ಲಕ್ಕೂ ಮೊದಲು ಎದ್ದು ನಿಲ್ಲುವ ಮಗುವನ್ನು ನಾವು ಹೊಗಳುತ್ತೇವೆ. ಬರೆಯುವ ಹೊತ್ತಿನಲ್ಲೇ ಈ ಸೇವೆ ಹೆಚ್ಚಾಗುತ್ತದೆಯೇ ಎಂದು ಒಮ್ಮೆ ನೋಡಿ.

ಸುಲಭವಾಗಿ ಕಣ್ತಪ್ಪುವವರು ಸದ್ದಿಲ್ಲದ ಮಕ್ಕಳು, ಅದರಲ್ಲೂ ಹುಡುಗಿಯರು. ಪಕ್ಕದವಳ ಪುಸ್ತಕ ನೋಡಿ ನೀಟಾಗಿ ಇಳಿಸಿಕೊಳ್ಳುತ್ತಾರೆ, ಬರೆದದ್ದನ್ನು ಓದು ಅಂದರೆ ತಲೆ ತಗ್ಗಿಸುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಆರನೇ ಏಳನೇ ತರಗತಿವರೆಗೂ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ನಿಮ್ಮ ಪುಟದಲ್ಲಿ ಗಲಾಟೆಯವರ ಜೊತೆ ಇಂಥ ಒಬ್ಬರ ಹೆಸರೂ ಇರಲಿ.

ಎರಡನೆಯದು: ಬೇರೆ ಕಾರಣ ಇದೆಯೇ ನೋಡಿ

ಕಣ್ಣು ಮತ್ತು ಕಿವಿ ಮೊದಲು. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗ ಆ ಮಗುವನ್ನು ಬೊಟ್ಟು ಮಾಡಿ ತೋರಿಸಿ. ಖಾಸಗಿ ಶಾಲೆಯಾದರೆ ಪೋಷಕರಿಗೇ ಹೇಳಬೇಕು. ಎಷ್ಟು ದಿನ ಗೈರುಹಾಜರಿ, ಎಷ್ಟು ಶಾಲೆ ಬದಲಾಗಿದೆ, ರಾತ್ರಿ ನಿದ್ದೆ ಸಾಕಾಗುತ್ತಿದೆಯೇ ಇವನ್ನೂ ಕೇಳಿಕೊಳ್ಳಿ. ಬೆಳಿಗ್ಗೆ ಆರಕ್ಕೇ ವ್ಯಾನ್ ಹತ್ತುವ ಮಗು ಎರಡನೇ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಅದಕ್ಕೆ ದೊಡ್ಡ ಹೆಸರು ಬೇಕಿಲ್ಲ.

ಬೆಂಗಳೂರಿನಲ್ಲಿ ಇದಕ್ಕಿಂತ ತೊಡಕಿನದು ಭಾಷೆ. ಹಲಸೂರಿನ ಮನೆಯಲ್ಲಿ ತಮಿಳು, ಶಿವಾಜಿನಗರದಲ್ಲಿ ಉರ್ದು, ಕೆ.ಆರ್. ಪುರದ ಕಡೆ ತೆಲುಗು, ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡಿನಲ್ಲಿ ರಾಯಚೂರು ಕಲಬುರಗಿಯ ಕನ್ನಡ, ಅಪಾರ್ಟ್‌ಮೆಂಟಿನಲ್ಲಿ ಹಿಂದಿ. ಶಾಲೆಯ ಮಾಧ್ಯಮ ಇಂಗ್ಲಿಷ್. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಮೊದಲ ಅಥವಾ ಎರಡನೇ ಭಾಷೆಯಾಗಿ ಕನ್ನಡವಂತೂ ಇದ್ದೇ ಇರುತ್ತದೆ. ಭಾಷೆ ಹೊಸದಾದ್ದರಿಂದ ಹಿಂದೆ ಬಿದ್ದ ಮಗುವಿಗೂ ಕಲಿಕಾ ನ್ಯೂನತೆ ಇರುವ ಮಗುವಿಗೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಮನೆಮಾತು ಬಲ್ಲ ಯಾರನ್ನಾದರೂ ಕೂರಿಸಿ ಮಗುವಿನ ಜೊತೆ ಮಾತಾಡಿಸಿ. ಮನೆಮಾತಿನಲ್ಲಿ ಕಥೆ ಸರಾಗವಾಗಿ ಹೇಳುತ್ತದೆ, ಹೊಸ ಭಾಷೆಯಲ್ಲೂ ತಿಂಗಳಿಂದ ತಿಂಗಳಿಗೆ ಮುಂದೆ ಬರುತ್ತಿದೆ ಅಂದರೆ ಕಾಯಬಹುದು. ಕಲಿಯುತ್ತಿರುವ ಎಲ್ಲ ಲಿಪಿಗಳಲ್ಲೂ ಅದೇ ಪರದಾಟ, ನಿನ್ನೆ ಓದಿದ ಪದ ಇವತ್ತು ಮತ್ತೆ ಹೊಸದು ಅಂದರೆ ಕಾಯಬಾರದು.

ಕನ್ನಡದ ಓದಿನಲ್ಲಿ ಗಮನಿಸಬೇಕಾದ್ದು ಸ್ವಲ್ಪ ಬೇರೆ. ಇಂಗ್ಲಿಷಿನಲ್ಲಿ ಅಕ್ಷರ ಇಪ್ಪತ್ತಾರೇ ಆದರೂ ಉಚ್ಚಾರಕ್ಕೆ ನಿಯತ್ತಿಲ್ಲ, ಹಾಗಾಗಿ ಅಲ್ಲಿ ಮಕ್ಕಳು ತಪ್ಪು ಓದಿ ಸಿಕ್ಕಿಬೀಳುತ್ತಾರೆ. ನಮ್ಮಲ್ಲಿ ಬರೆದಂತೆ ಓದಬಹುದು, ಆದರೆ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಮಕ್ಕಳ ಓದಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನದಲ್ಲಿ, ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೂ ಸಾಗುತ್ತಲೇ ಇರುತ್ತದೆ ಎಂದು ಕಂಡುಬಂದಿದೆ. ಆದ್ದರಿಂದ ಎರಡನೇ ಕ್ಲಾಸಿನ ಮಗು 'ಬಳ್ಳಿ'ಯನ್ನು 'ಬಳಿ' ಎಂದು ಬರೆದರೆ, ಮ ಮತ್ತು ವ ಅದಲುಬದಲು ಮಾಡಿದರೆ ಗಾಬರಿ ಬೇಡ. 'ಸೂರ್ಯ'ದಲ್ಲಿ ಮೊದಲು ಕೇಳುವ ರಕಾರ ಆಮೇಲೆ ಬರೆಯುವ ಅರ್ಕಾವತ್ತಾಗುತ್ತದೆ. ಇದರಲ್ಲಿ ಎಡವದ ಮಕ್ಕಳೇ ಕಡಿಮೆ. ನಾಲ್ಕು ಐದನೇ ಕ್ಲಾಸಿನಲ್ಲೂ ಒಂದೊಂದು ಅಕ್ಷರ ಕೂಡಿಸಿ ಕೂಡಿಸಿ, ಸರಿಯಾಗಿಯೇ ಆದರೂ ಆಮೆವೇಗದಲ್ಲಿ ಓದುವ ಮಗುವನ್ನು ಮಾತ್ರ "ಓದ್ತಾನಲ್ಲ, ಪರವಾಗಿಲ್ಲ" ಎಂದು ಬಿಟ್ಟುಬಿಡಬಾರದು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನ ಅರ್ಥ ಮರೆತಿರುತ್ತದೆ.

ಮೂರನೆಯದು: ಕೆಲಸ ಬದಲಾಯಿಸಿ

ಇಲ್ಲಿ ಸ್ವಲ್ಪ ನಿಧಾನಿಸಿ, ಹೆಚ್ಚಿನ ಗಲಾಟೆ ಇಲ್ಲೇ ಕರಗುತ್ತದೆ.

ಗಟ್ಟಿಯಾಗಿ ಓದಿಸುವುದು. ಸರದಿ ಪ್ರಕಾರ ಎದ್ದು ಓದುವ ಪದ್ಧತಿಯನ್ನೇ ಕೈಬಿಟ್ಟರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಚೆನ್ನಾಗಿ ಓದುವವರಿಗೆ ಅದು ಬೇಸರ, ಓದಲಾರದವರಿಗೆ ನಡುಕ. ಬದಲಿಗೆ ಇಡೀ ಕ್ಲಾಸು ಒಟ್ಟಿಗೆ ಓದಲಿ, ಇಲ್ಲವೇ ಜೋಡಿಯಲ್ಲಿ ಓದಲಿ. ಒಬ್ಬರೇ ಓದಲೇಬೇಕೆಂದಿದ್ದರೆ ಆ ಮಗುವಿಗೆ ಹಿಂದಿನ ದಿನವೇ ಗುಟ್ಟಾಗಿ ಹೇಳಿ: "ನಾಳೆ ನಿಂದು ಎರಡನೇ ಪ್ಯಾರಾ, ಮೂರೇ ಸಾಲು, ಮನೇಲಿ ಅಕ್ಕನ ಜೊತೆ ನೋಡ್ಕೊಂಡು ಬಾ." ಹೇಳಿದ ಮೇಲೆ ಆ ಪ್ಯಾರಾ ಬಿಟ್ಟು ಬೇರೆಯದನ್ನು ಓದಿಸಬೇಡಿ. ಒಮ್ಮೆ ಮಾತು ತಪ್ಪಿದರೆ ಆ ಮಗು ಮತ್ತೆ ನಿಮ್ಮನ್ನು ನಂಬುವುದಿಲ್ಲ.

ಬೋರ್ಡಿನಿಂದ ಇಳಿಸಿಕೊಳ್ಳುವುದು. ತಲೆ ಎತ್ತಿ ನೋಡಿ, ನೆನಪಿಟ್ಟುಕೊಂಡು, ತಲೆ ತಗ್ಗಿಸಿ ಬರೆದು, ಮತ್ತೆ ಎತ್ತಿದಾಗ ಎಲ್ಲಿದ್ದೆ ಎಂದು ಹುಡುಕುವಷ್ಟರಲ್ಲಿ ಈ ಮಕ್ಕಳ ಶಕ್ತಿಯೆಲ್ಲ ಸೋರಿಹೋಗುತ್ತದೆ. ಬೋರ್ಡನ್ನು ಎರಡು ಮೂರು ಚೌಕ ಮಾಡಿ, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣದ ಚಾಕ್‌ಪೀಸ್ ಬಳಸಿ. ಆ ಮಗು ಪ್ರಶ್ನೆಗಳನ್ನು ಬಿಟ್ಟು ಉತ್ತರ ಮಾತ್ರ ಬರೆದರೂ ಸಾಕು; ಉಳಿದದ್ದರ ಜೆರಾಕ್ಸ್ ಅಂಟಿಸಲಿ. ಜೆರಾಕ್ಸಿಗೆ ಶಾಲೆ ದುಡ್ಡು ಕೊಡದಿದ್ದರೆ ಪಕ್ಕದವರ ಪುಟದ ಕೆಳಗೆ ಕಾರ್ಬನ್ ಹಾಳೆ ಇಟ್ಟರಾಯಿತು. "ಪೂರ್ತಿ ಬರೆಯೋವರೆಗೂ ಪಿಟಿಗೆ ಹೋಗಂಗಿಲ್ಲ" ಅನ್ನುವ ಶಿಕ್ಷೆ ಮಾತ್ರ ಬೇಡವೇ ಬೇಡ. ದಿನವಿಡೀ ಸೋತ ಮಗು ಗೆಲ್ಲುವ ಜಾಗ ಬಹುಶಃ ಅದೊಂದೇ, ಮೈಗೆ ಬೇಕಾದ ಓಡಾಟವೂ ಅಲ್ಲೇ ಸಿಗುವುದು.

ಉಕ್ತಲೇಖನ. ಎಲ್ಲರಿಗೂ ಹತ್ತು ಪದವಾದರೆ ಇವರಿಗೆ ಐದು, ಅದೂ ಮೊದಲೇ ಕೊಟ್ಟ ಪಟ್ಟಿಯಿಂದ. ಪುಟದ ತುಂಬ ಕೆಂಪು ಗೀಟು ಎಳೆಯುವ ಬದಲು ಸರಿಯಾದ ಅಕ್ಷರಗಳ ಕೆಳಗೆ ಹಸಿರು ಚುಕ್ಕೆ ಇಡಿ. 'ಶಾಲೆ'ಗೆ 'ಶಲೆ' ಎಂದು ಬರೆದ ಮಗು ಎರಡರಲ್ಲಿ ಒಂದನ್ನು ಸರಿಯಾಗಿ ಬರೆದಿದೆ, ಅದು ಕಾಣಲಿ. ಸಮಾಜ, ವಿಜ್ಞಾನದ ಟೆಸ್ಟಿನಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಡಿಯಬೇಡಿ. ಸಾಧ್ಯವಿದ್ದ ಕಡೆ ಉತ್ತರವನ್ನು ಬಾಯಲ್ಲಿ ಹೇಳಿಸಿ.

ಮಗ್ಗಿ. ಬಾಯಿಪಾಠ ಬರದಿದ್ದರೆ ಮಗ್ಗಿ ಚಾರ್ಟ್ ಡೆಸ್ಕಿಗೆ ಅಂಟಿಸಿಬಿಡಿ. ಏಳೆಂಟ್ಲಿ ಎಷ್ಟು ಎಂದು ನೆನಪಾಗದ ಒಂದೇ ಕಾರಣಕ್ಕೆ ಭಾಗಾಕಾರದ ಕ್ರಮ ಕಲಿಯುವುದು ನಿಲ್ಲಬಾರದು. ಚೌಕಳಿ ಪುಸ್ತಕದಲ್ಲಿ ಒಂದು ಮನೆಗೆ ಒಂದೇ ಅಂಕಿ ಬರೆಸಿದರೆ ಬಿಡಿ, ಹತ್ತು, ನೂರು ಸಾಲು ತಪ್ಪುವುದು ಕಡಿಮೆಯಾಗುತ್ತದೆ.

ಇನ್ನು ನಾವು ಹೇಳುವ ರೀತಿ. "ಬುಕ್ ತೆಗೆದು, ನಲವತ್ತೆರಡನೇ ಪುಟ ತೆರೆದು, ಡೇಟ್ ಹಾಕಿ, ಮೂರನೇ ಲೆಕ್ಕ ಬಿಟ್ಟು ಉಳಿದದ್ದು ಮಾಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಈ ಮಗು ಬುಕ್ ತೆಗೆದು ಕೂತಿರುತ್ತದೆ. ಅದನ್ನು ಮೊಂಡುತನ ಎಂದುಕೊಳ್ಳುತ್ತೇವೆ. ಒಂದು ಸಲಕ್ಕೆ ಒಂದು ಹೇಳಿ, ಬೋರ್ಡಿನ ಮೂಲೆಯಲ್ಲಿ ಪುಟದ ಸಂಖ್ಯೆ ಬರೆಯಿರಿ. "ಅರ್ಥ ಆಯ್ತಾ?" ಎಂದು ಕೇಳಿದರೆ "ಆಯ್ತು ಮಿಸ್" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಈಗ ಏನು ಮಾಡ್ತೀಯ ಹೇಳು" ಎಂದು ಕೇಳಿ.

ಕೂರಿಸುವ ಜಾಗ ಮುಂದಿನ ಸಾಲು, ಗೋಡೆಯ ಕಡೆ ಇದ್ದರೆ ಅನುಕೂಲ. ಬಾಗಿಲ ಬಳಿ, ರಸ್ತೆ ಕಡೆಯ ಕಿಟಕಿ ಬಳಿ ಬೇಡ. ಹಾರ್ನ್ ಸದ್ದಿನಲ್ಲಿ ದೊಡ್ಡವರಿಗೇ ಪಾಠ ಕೇಳುವುದಿಲ್ಲ. ನಿಮ್ಮ ಮೇಜಿಗೆ ಅಂಟಿಸಿದ ಹಾಗೆ ಒಂಟಿ ಕುರ್ಚಿ ಹಾಕುವುದೂ ಬೇಡ. ಇಡೀ ಕ್ಲಾಸು ಅದನ್ನು ಶಿಕ್ಷೆಯೆಂದೇ ಓದಿಕೊಳ್ಳುತ್ತದೆ.

ಇಷ್ಟು ಮಾಡಿದ ಮೇಲೆ ಮತ್ತೆರಡು ವಾರ ಅದೇ ನಾಲ್ಕು ಕಾಲಂ ತುಂಬಿಸಿ. ಓದು ಬರಹದ ಹೊತ್ತಿನ ತರಲೆ ಇಳಿದಿದ್ದರೆ ನೀವು ಸರಿಯಾದ ಎಳೆ ಹಿಡಿದಿದ್ದೀರಿ. ಆಟದ ಹೊತ್ತಿನಲ್ಲೂ, ಊಟದ ಹೊತ್ತಿನಲ್ಲೂ, ಎಲ್ಲ ವಿಷಯದಲ್ಲೂ ಒಂದೇ ಥರ ಇದ್ದರೆ ಎಡಿಎಚ್‌ಡಿ ಅಥವಾ ಮನೆಯ ಕಾರಣ ಇರಬಹುದು, ಅದನ್ನು ಆಪ್ತಸಮಾಲೋಚಕರ ಗಮನಕ್ಕೆ ತನ್ನಿ.

ನಾಲ್ಕನೆಯದು: ಉಳಿದ ಮಕ್ಕಳ ಜೊತೆ

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ, ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ತರಗತಿಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ಮಕ್ಕಳು 'ತಟ್ಟೆ' ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ: ಶಿಕ್ಷಕರ ಪೂರ್ಣ ನೆರವಿನದು, ಭಾಗಶಃ ನೆರವಿನದು, ಸಹಪಾಠಿಗಳ ನೆರವಿನವು, ಸ್ವಕಲಿಕೆಯದು. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲೇ ಇರುವುದರಿಂದ ಯಾರು ಹಿಂದೆ ಎಂಬುದು ಅಷ್ಟಾಗಿ ಎದ್ದು ಕಾಣುವುದಿಲ್ಲ, ಬೇರೆಯವರನ್ನು ಕೇಳುವುದು ನಾಚಿಕೆಯ ವಿಷಯವೂ ಆಗುವುದಿಲ್ಲ. ನಾಲ್ಕನೇ ತರಗತಿಗೆ ಬಂದು ಎಲ್ಲರಿಗೂ ಒಂದೇ ಪುಟ, ಒಂದೇ ವೇಗ ಎಂದಾದಾಗ ಅದೇ ಮಗುವಿಗೆ ಅಡ್ಡಹೆಸರು ಬೀಳುತ್ತದೆ. ಹಾಗಾಗಿ ಆ ತಟ್ಟೆಯ ಪದ್ಧತಿಯನ್ನು ದೊಡ್ಡ ಕ್ಲಾಸುಗಳಲ್ಲೂ ವಾರಕ್ಕೆ ಒಂದೆರಡು ಪೀರಿಯಡ್ ಉಳಿಸಿಕೊಂಡರೆ ಲಾಭವಿದೆ.

ಗುಂಪು ಮಾಡುವಾಗ ಈ ಮಗುವನ್ನು ಫಸ್ಟ್ ರ‍್ಯಾಂಕಿನವರ ಪಕ್ಕ ಕೂರಿಸುವುದು ನಮ್ಮ ಚಾಳಿ. ಆ ಜಾಣ ಮಗು ಐದು ನಿಮಿಷ ಹೇಳಿಕೊಟ್ಟು, ಆಮೇಲೆ ತಾಳ್ಮೆಗೆಟ್ಟು ತಾನೇ ಬರೆದುಕೊಟ್ಟುಬಿಡುತ್ತದೆ. ಅದಕ್ಕಿಂತ ಸಾಧಾರಣವಾಗಿ ಓದುವ, ಸಮಾಧಾನವಿರುವ, ಮಾತಿಗೆ ಸಿಗುವ ಮಗು ವಾಸಿ. ಜೋಡಿಯನ್ನು ಆಗಾಗ ಬದಲಾಯಿಸಿ, ಮತ್ತು ನೆರವು ಒಂದೇ ದಿಕ್ಕಿಗೆ ಹರಿಯದಂತೆ ನೋಡಿಕೊಳ್ಳಿ. ಓದಲು ಬರದ ಹುಡುಗ ಸೈಕಲ್ ಚೈನ್ ಹಾಕಬಲ್ಲ, ಮ್ಯಾಪ್ ಬಿಡಿಸಬಲ್ಲ, ಕೇಳಿದ ಕಥೆಯನ್ನು ಚಾಚೂ ತಪ್ಪದೆ ಹೇಳಬಲ್ಲ. ಪ್ರಾಜೆಕ್ಟಿನಲ್ಲಿ ಓದುವವರು, ಬರೆಯುವವರು, ಚಿತ್ರ ಮಾಡುವವರು, ಎದ್ದು ಹೇಳುವವರು ಎಂದು ಕೆಲಸ ಹಂಚಿ. ಎದ್ದು ಹೇಳುವ ಕೆಲಸ ಆಗಾಗ ಇವನಿಗೆ ಬೀಳಲಿ.

ಆಟದ ಮೈದಾನದ ಜಗಳಗಳನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಲಗೋರಿಯಲ್ಲೋ ಖೋ ಖೋದಲ್ಲೋ ನಿಯಮವನ್ನು ಗಡಿಬಿಡಿಯಲ್ಲಿ ಬಾಯಲ್ಲಿ ಹೇಳಿದಾಗ ಈ ಮಗುವಿಗೆ ಅರ್ಧವೇ ತಲುಪಿರುತ್ತದೆ. ತಪ್ಪು ದಿಕ್ಕಿಗೆ ಓಡುತ್ತದೆ, "ಮೋಸ! ಮೋಸ!" ಎಂದು ಕೂಗು ಏಳುತ್ತದೆ, ಕೈ ಮೇಲೆ ಹೋಗುತ್ತದೆ. ಮೊದಲೊಮ್ಮೆ ಆಡಿ ತೋರಿಸಿ ಆಟ ಶುರುಮಾಡುವಂತೆ ಪಿಟಿ ಸರ್‌ಗೆ ಹೇಳಿ. ಕೆಲವು ಮಕ್ಕಳಿಗೆ ತಮಾಷೆಗೂ ಹಂಗಿಸುವುದಕ್ಕೂ ದನಿಯಲ್ಲಿರುವ ವ್ಯತ್ಯಾಸ ತಿಳಿಯುವುದಿಲ್ಲ. ಸ್ನೇಹಿತ ಸುಮ್ಮನೆ ರೇಗಿಸಿದ್ದಕ್ಕೆ ಹೊಡೆಯುತ್ತಾರೆ, ನಿಜವಾಗಿ ಹಂಗಿಸಿದಾಗ ನಗುತ್ತಾರೆ. ಜಗಳ ಆರಿದ ಮೇಲೆ, ಒಬ್ಬನೇ ಇದ್ದಾಗ, "ಅವನು ಹಾಗಂದಾಗ ಅವನ ಮುಖ ಹೇಗಿತ್ತು?" ಎಂದು ಕೇಳಿ ಮಾತಾಡಿಸುವುದರಿಂದ ಉಪಯೋಗವಿದೆ. ಎಲ್ಲರೆದುರು ಬುದ್ಧಿಮಾತು ಹೇಳುವುದರಿಂದ ಇಲ್ಲ.

"ಮಿಸ್, ಅವನಿಗೆ ಮಾತ್ರ ಯಾಕೆ ಐದೇ ಪದ?" ಈ ಪ್ರಶ್ನೆ ಬಂದೇ ಬರುತ್ತದೆ. ಮಗುವಿನ ತೊಂದರೆಯ ಹೆಸರು ಹೇಳಿ ವಿವರಿಸಲು ಹೋಗಬೇಡಿ, ಅದು ಆ ಮಗುವಿಗೂ ಮನೆಯವರಿಗೂ ಸೇರಿದ್ದು. "ಅವನಿಗೆ ಬೇಕಾದ್ದು ಅವನಿಗೆ ಕೊಟ್ಟಿದೀನಿ. ನಿಂಗೇನು ಬೇಕು ಹೇಳು, ಕೊಡ್ತೀನಿ." ಅಷ್ಟು ಸಾಕು. ಒಂದಿಬ್ಬರು ನಿಜವಾಗಿಯೂ ಬಂದು ಕೇಳುತ್ತಾರೆ, ಅವರ ನೋಟ್‌ಬುಕ್ಕನ್ನೂ ಒಮ್ಮೆ ತಿರುವಿ ಹಾಕಿ.

'ದಡ್ಡ', 'ಟ್ಯೂಬ್‌ಲೈಟ್' ಅನ್ನುವ ಅಡ್ಡಹೆಸರುಗಳನ್ನು ಮಕ್ಕಳ ಬಾಯಿಂದ ಬಿಡಿಸುವ ಮೊದಲು ನಮ್ಮ ಬಾಯಿಂದ ಬಿಡಿಸಬೇಕು. ಮಕ್ಕಳು ಅವನ್ನು ಎಲ್ಲಿಂದ ಹೆಕ್ಕಿಕೊಂಡರು ಎಂದು ಹುಡುಕಿದರೆ ಹಲವು ಸಲ ಬೋರ್ಡಿನ ಮುಂದೆ ನಿಂತವರೇ ಸಿಗುತ್ತಾರೆ.

ಐದನೆಯದು: ಸಿಟ್ಟು ಸಿಡಿದಾಗ

ಪುಸ್ತಕ ಹರಿದು ಎಸೆದಾಗ, ಬೆಂಚು ಒದ್ದಾಗ ಪಾಠ ಹೇಳುವ ಹೊತ್ತಲ್ಲ. ದನಿ ತಗ್ಗಿಸಿ, ಹತ್ತಿರ ಹೋಗಿ, ಒಂದೇ ವಾಕ್ಯ ಹೇಳಿ: "ಬಾ, ಸ್ವಲ್ಪ ಹೊರಗೆ ನಿಂತ್ಕೊಳ್ಳೋಣ." ನೀರು ಕುಡಿಸಿ. ಉಳಿದವರಿಗೆ ಏನಾದರೂ ಓದಲು ಕೊಡಿ, ಪ್ರೇಕ್ಷಕರಿಲ್ಲದಿದ್ದರೆ ಬೇಗ ಇಳಿಯುತ್ತದೆ. ಇಳಿದ ಮೇಲೆ ಬಿಟ್ಟ ಕೆಲಸದ ಒಂದು ಸಣ್ಣ ತುಂಡನ್ನು ನಿಮ್ಮ ಪಕ್ಕದಲ್ಲೇ ಮಾಡಿಸಿ. ಪೂರ್ತಿ ಬಿಟ್ಟುಬಿಟ್ಟರೆ ಸಿಡಿದೇಳುವುದೂ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಹೊಡೆಯುವುದು, ಹೀಯಾಳಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಂತೆ ನಿಷಿದ್ಧ.

ಆರನೆಯದು: ಮನೆಯವರ ಜೊತೆ ಮಾತು

ಪೋಷಕರ ಸಭೆಯ (ಪಿಟಿಎಂ) ದಿನ ಸಾಲಿನಲ್ಲಿ ಹತ್ತು ಜನ ಕಾಯುತ್ತಿರುವಾಗ ಈ ಮಾತು ಎತ್ತಬೇಡಿ. ಬೇರೆ ದಿನ ಕರೆಸಿ, ಆಗುವುದಾದರೆ ಅಪ್ಪ ಅಮ್ಮ ಇಬ್ಬರನ್ನೂ. ಮಾತು ಮಗು ಏನು ಚೆನ್ನಾಗಿ ಮಾಡುತ್ತದೆ ಅನ್ನುವುದರಿಂದ ಶುರುವಾಗಲಿ, ಆಮೇಲೆ ನಿಮ್ಮ ನಾಲ್ಕು ಕಾಲಂ ಪುಟ ತೋರಿಸಿ. ಅಮ್ಮ ಹೆಚ್ಚಾಗಿ ಹೇಳುವುದು: "ಮನೇಲಿ ನನ್ನ ಹತ್ರ ಎಲ್ಲಾ ಹೇಳ್ತಾನೆ ಮಿಸ್, ಎಕ್ಸಾಮಲ್ಲಿ ಬರೆಯಲ್ಲ. ಬರೀ ಸೋಮಾರಿತನ." ಅದನ್ನು ಅಲ್ಲಗಳೆಯಬೇಡಿ. "ಹೌದಮ್ಮ, ನಂಗೂ ಬಾಯಲ್ಲಿ ಎಲ್ಲಾ ಹೇಳ್ತಾನೆ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಗೊತ್ತಿರೋದು ಪೇಪರ್ ಮೇಲೆ ಯಾಕೆ ಬರ್ತಿಲ್ಲ ಅಂತ ಒಂದ್ಸಲ ತೋರಿಸೋಣ" ಎಂದರೆ ಮಾತು ಮುಂದುವರಿಯುತ್ತದೆ. ಡಿಸ್‌ಲೆಕ್ಸಿಯಾ ಎಂಬ ಪದ ನಿಮ್ಮ ಬಾಯಿಂದ ಬರುವುದು ಬೇಡ, ಅದನ್ನು ಹೇಳುವ ಅರ್ಹತೆ ಪರೀಕ್ಷೆ ಮಾಡಿದವರದು.

ಅಜ್ಜಿಯೋ ಅಪ್ಪನೋ "ನಾನೂ ಹೀಗೇ ಇದ್ದೆ, ಆಮೇಲೆ ಸರಿಹೋಯ್ತು" ಅನ್ನುವುದೂ ಉಂಟು. ಕಲಿಕಾ ನ್ಯೂನತೆ ಮನೆತನದಲ್ಲಿ ಹರಿದುಬರುವುದು ಸಾಮಾನ್ಯವಾದ್ದರಿಂದ ಆ ಮಾತನ್ನು ನಿಮ್ಮ ಪುಟದಲ್ಲಿ ಬರೆದುಕೊಳ್ಳಿ, ಪರೀಕ್ಷೆ ಮಾಡುವವರು ಇದನ್ನು ಕೇಳುತ್ತಾರೆ. ಸಂಜೆ ಎರಡೆರಡು ಟ್ಯೂಷನ್ ಹಾಕಿಸುವುದರಿಂದ ಇದು ವಾಸಿಯಾಗದು. ಹಾಕಿಸಿದ್ದರೆ ಒಂದನ್ನಾದರೂ ಬಿಡಿಸಿ ಆಟಕ್ಕೆ ಬಿಡುವಂತೆ ಹೇಳಿ.

ಏಳನೆಯದು: ಪರೀಕ್ಷೆ, ಕಾಗದಪತ್ರ

ಎನ್‌ಸಿಇಆರ್‌ಟಿಯ ಪ್ರಶಸ್ತ್ ಎಂಬ ತಪಾಸಣಾ ಪಟ್ಟಿ ಆ್ಯಪ್ ರೂಪದಲ್ಲೂ ಇದೆ, ಅದರ ಮೊದಲ ಭಾಗವನ್ನು ಕ್ಲಾಸ್ ಟೀಚರೇ ತುಂಬಬಹುದು. ಓದಿನ ತೊಂದರೆಯನ್ನು ಗುರುತಿಸಲು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ಡಾಲಿ ಎಂಬ ಸಾಧನ ಕನ್ನಡದಲ್ಲೂ ಲಭ್ಯ. ಇವೆರಡೂ "ಮುಂದೆ ತೋರಿಸಿ" ಎಂದು ಹೇಳುವವು ಅಷ್ಟೇ, ರೋಗನಿರ್ಣಯ ಮಾಡುವುದಿಲ್ಲ. ಸರ್ಕಾರಿ ಶಾಲೆಯವರು ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ (ಬಿಐಇಆರ್‌ಟಿ) ತಿಳಿಸಿದರೆ ಮುಂದಿನ ದಾರಿ ತೋರಿಸುತ್ತಾರೆ.

ಪೂರ್ಣ ಮೌಲ್ಯಮಾಪನಕ್ಕೆ ಬೆಂಗಳೂರಿನವರಿಗೆ ದೂರ ಹೋಗಬೇಕಾಗಿಲ್ಲ. ದೇಶದಲ್ಲೆಲ್ಲ ಬಳಕೆಯಲ್ಲಿರುವ ನಿಮ್ಹಾನ್ಸ್ ಕಲಿಕಾ ನ್ಯೂನತೆ ಪರೀಕ್ಷಾ ಸರಣಿ ಹುಟ್ಟಿದ್ದೇ ಹೊಸೂರು ರಸ್ತೆಯ ಆ ಸಂಸ್ಥೆಯಲ್ಲಿ. ಅದರಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12 ವರ್ಷದವರಿಗೆ ಇನ್ನೊಂದು. ಜೊತೆಗೆ ಐಕ್ಯೂ ಪರೀಕ್ಷೆಯೂ ಇರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಕಾಯಬೇಕಾಗುತ್ತದೆ, ಒಂದೇ ದಿನದಲ್ಲಿ ಮುಗಿಯುವುದೂ ಇಲ್ಲ, ಪೋಷಕರಿಗೆ ಇದನ್ನು ಮೊದಲೇ ಹೇಳಿರಿ. ಹೋಗುವಾಗ ಮಗುವಿನ ನಿಜವಾದ ನೋಟ್‌ಬುಕ್ಕುಗಳು, ಹಿಂದಿನ ಎರಡು ವರ್ಷದ ಪ್ರೋಗ್ರೆಸ್ ಕಾರ್ಡು, ನಿಮ್ಮ ಒಂದು ಪುಟದ ಪತ್ರ ಕೈಯಲ್ಲಿರಲಿ. ಪತ್ರದಲ್ಲಿ "ಓದಿನಲ್ಲಿ ಹಿಂದಿದ್ದಾನೆ" ಎಂದಷ್ಟೇ ಬರೆಯುವ ಬದಲು, ಏನು ಓದಲು ಕೊಟ್ಟಿರಿ, ಹೇಗೆ ಓದಿದ, ಬಾಯಲ್ಲಿ ಕೇಳಿದಾಗ ಏನು ಹೇಳಿದ ಎಂದು ಬರೆಯಿರಿ.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ತಪಾಸಣೆ ಮೂರನೇ ತರಗತಿಯಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ, ಪ್ರಮಾಣಪತ್ರ ಎಂಟು ತುಂಬಿದ ಮೇಲೆ ಎಂದಿತ್ತು; 2024ರಲ್ಲಿ ಅದರ ಬದಲಿಗೆ ಹೊಸ ಮಾರ್ಗಸೂಚಿ ಬಂದಿದೆ. ನೆರವಿಗೆ ಆ ಪತ್ರ ಬರುವವರೆಗೆ ಕಾಯಬೇಕಿಲ್ಲ. ಮೂರನೇ ಹೆಜ್ಜೆಯಲ್ಲಿ ಹೇಳಿದ ಯಾವುದಕ್ಕೂ ಯಾರ ಸಹಿಯೂ ಬೇಡ. ಖಾಸಗಿ ಮನಶ್ಶಾಸ್ತ್ರಜ್ಞರ ರಿಪೋರ್ಟು ಬೇರೆ, ಸರ್ಕಾರಿ ಪ್ರಮಾಣಪತ್ರ ಬೇರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪ್ರಮಾಣಪತ್ರಕ್ಕೆ ಅವಧಿ ನಮೂದಾಗಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮೊದಲಾದ ರಿಯಾಯಿತಿಗಳಿವೆ. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಹೆಚ್ಚು. ಎಸ್‌ಎಸ್‌ಎಲ್‌ಸಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಆ ವರ್ಷದ ಸುತ್ತೋಲೆ ನೋಡಿ, ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವ ಬದಲು ಎಂಟನೇ ತರಗತಿಯಲ್ಲೇ ಕಾಗದ ಸಿದ್ಧವಿರಲಿ. ಬರೆದುಕೊಡುವವರ ಜೊತೆ ಮಗುವಿಗೆ ಅಭ್ಯಾಸವೂ ಬೇಕು. ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿ ಸಾಲು ಸಾಲಾಗಿ ಹೇಳುವುದು ಅಂದುಕೊಂಡಷ್ಟು ಸುಲಭವಲ್ಲ.

ಕೊನೆಯದು: ಮುಂದಿನ ಟೀಚರ್‌ಗೆ ಒಂದು ಚೀಟಿ

ಏಪ್ರಿಲ್‌ನಲ್ಲಿ ರಿಸಲ್ಟ್ ಕೊಟ್ಟು ರಜೆಗೆ ಹೋಗುವ ಮುಂಚೆ, ನಿಮಗೆ ಒಂದು ವರ್ಷ ಹಿಡಿದು ಗೊತ್ತಾದದ್ದನ್ನು ಅರ್ಧ ಪುಟದಲ್ಲಿ ಬರೆದಿಡಿ. ಪೋಷಕರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಮುಂದಿನ ಕ್ಲಾಸ್ ಟೀಚರ್ ಕೈಗೇ ಕೊಡಿ. ಆರನೇ ತರಗತಿಯಿಂದ ವಿಷಯಕ್ಕೊಬ್ಬ ಟೀಚರ್ ಇದ್ದರೆ ಎಲ್ಲರಿಗೂ ಒಂದೊಂದು ಪ್ರತಿ, ಪಿಟಿ ಸರ್‌ಗೂ ಸೇರಿಸಿ. ರಿಪೋರ್ಟಿನ ಅಂಕಿಗಳು ಅದರಲ್ಲಿ ಬೇಡ. ಹೀಗಿದ್ದರೆ ಸಾಕು:

"ಮುಂದಿನ ಸಾಲು, ಗೋಡೆ ಕಡೆ ಕೂರಿಸಿ. ಗಟ್ಟಿಯಾಗಿ ಓದಿಸುವುದಾದರೆ ಹಿಂದಿನ ದಿನ ಹೇಳಬೇಕು. ಉಕ್ತಲೇಖನ ಐದು ಪದ. ಬಾಯಿ ಉತ್ತರ ಚೆನ್ನಾಗಿದೆ, ಕೇಳಿ. ಪೆನ್ಸಿಲ್ ಪದೇ ಪದೇ ಕೆತ್ತುತ್ತಿದ್ದರೆ ಕೆಲಸ ಹೆಚ್ಚಾಯಿತು ಎಂದು ಅರ್ಥ. ಪಿಟಿ ತಪ್ಪಿಸಬೇಡಿ. ಬಲಗಡೆ ಬೆಂಚಿನ ಹುಡುಗನ ಜೊತೆ ಹೊಂದುತ್ತದೆ, ಸಾಧ್ಯವಾದರೆ ಇಬ್ಬರನ್ನೂ ಒಂದೇ ಸೆಕ್ಷನ್ನಿಗೆ ಹಾಕಿ. ಅಮ್ಮನಿಗೆ ಸಂಜೆ ಆರರ ಮೇಲೆ ಫೋನ್ ಮಾಡಬಹುದು."